ದೂರದ ಬೆಟ್ಟ, ನುಣ್ಣನೆಯ ಚಿತ್ರ

2010ರ ಆಗಸ್ಟ್ 5ರ ನಡುರಾತ್ರಿ ಕಳೆದ ಮೇಲೆ ಲಡಾಖಿನ ಲೇಹ್ ಪಟ್ಟಣ ಮತ್ತು ಪಕ್ಕದ ಚೋಗ್ಲಂಸರ್ ಮೇಲೆ ಕೆಸರು, ಬಂಡೆ, ನೀರು ಒಟ್ಟಾಗಿ ಇಳಿದು ಬಂದವು. 200ಕ್ಕೂ ಹೆಚ್ಚು ಜನ ಸತ್ತರು. ಆದರೆ ಲೇಹ್‌ನ ಹವಾಮಾನ ಕೇಂದ್ರದ ಮಳೆಮಾಪಕದಲ್ಲಿ ಸಿಕ್ಕ ನೀರು ಬರೀ 12.8 ಮಿಲಿಮೀಟರ್. ಬೆಂಗಳೂರಿನಲ್ಲಾದರೆ ಇಷ್ಟು ಮಳೆಗೆ ಸ್ಕೂಟರಿನವರು ಮೇಲ್ಸೇತುವೆಯ ಕೆಳಗೆ ಹತ್ತು ನಿಮಿಷ ನಿಂತು ಹೊರಟುಬಿಡುತ್ತಾರೆ. ಮಾಪಕ ಕೆಟ್ಟಿರಲಿಲ್ಲ, ಮಳೆ ಅದರ ಮೇಲೆ ಬೀಳದೆ ಬೇರೆ ಕಡೆ ಬಿದ್ದಿತ್ತು, ಅಷ್ಟೆ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮೇಘಸ್ಫೋಟವೆಂದರೆ 20ರಿಂದ 30 ಚದರ ಕಿಲೋಮೀಟರ್ ಜಾಗದಲ್ಲಿ ಗಂಟೆಗೆ 100 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಸುರಿಯುವ ಮಳೆ. ಆಗ ನಮ್ಮ ಹವಾಮಾನ ನೋಡುತ್ತಿದ್ದ ಉಪಗ್ರಹಗಳಲ್ಲೊಂದು ಕಲ್ಪನಾ-1. ಕತ್ತಲಲ್ಲಿ ಕೆಲಸ ಮಾಡುವುದು ಅದರ ಅವಕೆಂಪು ಕಣ್ಣೊಂದೇ. ಆ ಕಣ್ಣಿನ ಒಂದು ಪಿಕ್ಸೆಲ್‌ನ ಬದಿ ಉಪಗ್ರಹದ ನೇರ ಕೆಳಗೆ 8 ಕಿ.ಮೀ. ಲೇಹ್‌ನಂಥ ಉತ್ತರದ ಊರಿನ ಮೇಲೆ ಓರೆಯಾಗಿ ಬಿದ್ದಾಗ ಅದು ಹಿಗ್ಗಿ ಸುಮಾರು 90 ಚದರ ಕಿ.ಮೀ. ಆಗುತ್ತದೆ. ಅಂದರೆ ಒಂದೇ ಚುಕ್ಕೆಯೊಳಗೆ ಮೂರು ಮೇಘಸ್ಫೋಟಗಳು ಸದ್ದಿಲ್ಲದೆ ಕುಳಿತುಕೊಳ್ಳಬಹುದಿತ್ತು.

ಇಂಥ ಲೆಕ್ಕ ನೋಡಿದವರಿಗೆ ಮೊದಲು ಹೊಳೆಯುವ ಪ್ರಶ್ನೆ ಒಂದೇ: ಇದಕ್ಕಿಂತ ಸೂಕ್ಷ್ಮವಾದ ಚಿತ್ರ ಎಲ್ಲಿ ಸಿಗುತ್ತದೆ? ಚಾರಣಕ್ಕೆ ಹೊರಟವರು, ಕಣಿವೆಯಲ್ಲಿ ರಸ್ತೆ ಕಡಿಯುವವರು, ಹೆಲಿಕಾಪ್ಟರ್ ಹಾರಿಸುವವರು, ಅಣೆಕಟ್ಟಿನ ಬಾಗಿಲು ಕಾಯುವವರು, ಎಲ್ಲರೂ ಹುಡುಕುವುದು ಅದನ್ನೇ. ಪ್ರಶ್ನೆ ಸರಿಯಾದದ್ದೇ. ಆದರೆ ಅದರೊಳಗೊಂದು ನಂಬಿಕೆ ಅಡಗಿದೆ. ಕನ್ನಡಕದ ನಂಬರು ಏರಿಸಿದರೆ ಅಕ್ಷರ ಕಾಣುವ ಹಾಗೆ, ಪಿಕ್ಸೆಲ್ ಕಿರಿದಾದಷ್ಟೂ ಬೆಟ್ಟದ ಹವೆ ಸ್ಪಷ್ಟವಾಗುತ್ತದೆ ಎಂಬ ನಂಬಿಕೆ ಅದು. ಹಿಮಾಲಯದ ಮಟ್ಟಿಗೆ ಇದು ಅರ್ಧ ಮಾತ್ರ ನಿಜ. ಉಪಗ್ರಹದ ವಿವರಪಟ್ಟಿಯಲ್ಲಿ ಅಚ್ಚಾದ ಕಿಲೋಮೀಟರ್ ಸಂಖ್ಯೆಗಿಂತ, ಆ ಉಪಗ್ರಹ ಬೆಟ್ಟವನ್ನು ಯಾವ ಕೋನದಿಂದ ನೋಡುತ್ತದೆ, ಯಾವ ಹೊತ್ತಿನಲ್ಲಿ ನೋಡುತ್ತದೆ, ನೋಡಿದ್ದು ಕಣಿವೆಯಲ್ಲಿರುವವರ ಕೈಗೆ ಯಾವ ರೂಪದಲ್ಲಿ ಸೇರುತ್ತದೆ ಎಂಬುದು ಹೆಚ್ಚು ಮುಖ್ಯ. ಈಗಾಗಲೇ ಆಕಾಶದಲ್ಲಿರುವ ಕಣ್ಣುಗಳಿಂದ ಸಿಗುವುದರಲ್ಲಿ ಬಹುಪಾಲನ್ನು ನಾವು ಬೆಟ್ಟದ ಅಳತೆಗೆ ಕತ್ತರಿಸಿಕೊಂಡೇ ಇಲ್ಲ ಎನ್ನುವುದು ನನ್ನ ವಾದ.

ಕೋನದಿಂದಲೇ ಶುರು ಮಾಡೋಣ. ಹವಾಮಾನ ಉಪಗ್ರಹಗಳಲ್ಲಿ ಎರಡು ಜಾತಿ. ಒಂದು ಭೂಸ್ಥಿರ ಜಾತಿ. ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಸುತ್ತುತ್ತ, ಒಂದೇ ಕಡೆ ಕಣ್ಣು ನೆಟ್ಟು ನಿಂತಂತೆ ಇರುತ್ತದೆ. ನಮ್ಮ ಇನ್ಸಾಟ್ ಸಾಲಿನವು ಇದೇ ಜಾತಿಯವು. 2016ರ ಸೆಪ್ಟೆಂಬರಿನಲ್ಲಿ ಹಾರಿದ ಇನ್ಸಾಟ್-3ಡಿಆರ್ ಮತ್ತು 2024ರ ಫೆಬ್ರುವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್ ಕ್ರಮವಾಗಿ 74 ಮತ್ತು 82 ಡಿಗ್ರಿ ಪೂರ್ವ ರೇಖಾಂಶದ ಆಸುಪಾಸಿನಲ್ಲಿವೆ. ಇಂಥ ಉಪಗ್ರಹಗಳ ಲಗಾಮು ಇರುವುದು ನಮ್ಮ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ. ಇವುಗಳ ಚಿತ್ರಗ್ರಾಹಕಕ್ಕೆ ಆರು ವಾಹಿನಿಗಳು: ಬೆಳಕಿನಲ್ಲಿ ನೋಡುವುದಕ್ಕೆ 1 ಕಿ.ಮೀ., ಅವಕೆಂಪಿಗೆ 4 ಕಿ.ಮೀ., ನೀರಾವಿಯ ವಾಹಿನಿಗೆ 8 ಕಿ.ಮೀ. ಒಂದೊಂದೂ ಅರ್ಧ ಗಂಟೆಗೊಮ್ಮೆ ಚಿತ್ರ ತೆಗೆಯುತ್ತದೆ. ಎರಡರ ವೇಳೆಯನ್ನು ಹೆಣೆದರೆ ಕಾಲು ಗಂಟೆಗೊಂದು ಸಿಗುತ್ತದೆ. ಕಲ್ಪನಾ-1ರ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಜಿಗಿತ, ಅನುಮಾನವಿಲ್ಲ. ಲೇಹ್ ಮೇಲಿನ ಅವಕೆಂಪು ಚುಕ್ಕೆ 90ರಿಂದ ಸುಮಾರು 22 ಚದರ ಕಿ.ಮೀ.ಗೆ ಇಳಿದಿದೆ. ಆದರೂ ಒಂದು ಇಡೀ ಮೇಘಸ್ಫೋಟ ಸೇರಿ ಒಂದೋ ಎರಡೋ ಚುಕ್ಕೆ. ಒಂದು ಚುಕ್ಕೆಯಿಂದ ಗುರುತು ಹಿಡಿಯುವುದು ಕಷ್ಟ; ಸುತ್ತಲಿನ ಚುಕ್ಕೆಗಳಿಗಿಂತ ಅದು ಯಾಕೆ ತಣ್ಣಗಿದೆ ಎಂದು ಯಂತ್ರ ವಿಚಾರಿಸುವಷ್ಟರಲ್ಲಿ ನೀರು ಊರು ಸೇರಿರುತ್ತದೆ.

ಇಲ್ಲಿ ಹುಡುಕುವವರ ಕಣ್ಣು ಸಹಜವಾಗಿ ಪೂರ್ವಕ್ಕೆ ಹೊರಳುತ್ತದೆ. ಜಪಾನಿನ ಹಿಮಾವರಿ ಉಪಗ್ರಹಗಳಿಗೆ 16 ವಾಹಿನಿ. ಬೆಳಕಿನ ಒಂದು ವಾಹಿನಿಯಲ್ಲಿ ಅರ್ಧ ಕಿ.ಮೀ., ಅವಕೆಂಪಿನಲ್ಲಿ 2 ಕಿ.ಮೀ., ಹತ್ತು ನಿಮಿಷಕ್ಕೊಂದು ಪೂರ್ಣ ಚಿತ್ರ. ಕಾಗದದ ಮೇಲೆ ಇನ್ಸಾಟ್‌ಗಿಂತ ಎರಡು ಪಟ್ಟು ಸೂಕ್ಷ್ಮ. ಆದರೆ ಹಿಮಾವರಿ ಇರುವುದು 140.7 ಡಿಗ್ರಿ ಪೂರ್ವದಲ್ಲಿ. ಲೇಹ್‌ನಲ್ಲಿ ನಿಂತು ನೋಡುವುದಾದರೆ ಅದು ದಿಗಂತದಿಂದ ಬರೀ ಹದಿಮೂರು ಡಿಗ್ರಿ ಮೇಲಿರುತ್ತದೆ. ಅಷ್ಟು ವಾಲಿದ ನೋಟದಲ್ಲಿ ದುಂಡನೆಯ ತಟ್ಟೆಯೂ ಗೆರೆಯಂತೆ ಕಾಣುತ್ತದೆ. ರೇಖಾಗಣಿತ ಹಾಕಿ ನೋಡಿದರೆ ಹಿಮಾವರಿಯ 2 ಕಿ.ಮೀ. ಚುಕ್ಕೆ ಲೇಹ್ ಮೇಲೆ ಒಂದು ದಿಕ್ಕಿಗೆ ಎರಡೂಕಾಲು ಕಿ.ಮೀ., ಇನ್ನೊಂದು ದಿಕ್ಕಿಗೆ ಒಂಬತ್ತೂವರೆ ಕಿ.ಮೀ. ಆಗುತ್ತದೆ. ಗುಣಿಸಿದರೆ ಸುಮಾರು 22 ಚದರ ಕಿ.ಮೀ. ನಮ್ಮ ಇನ್ಸಾಟ್‌ನ 4 ಕಿ.ಮೀ. ಚುಕ್ಕೆಯೂ ಅಲ್ಲಿ ಅಷ್ಟೇ! ಎರಡು ಪಟ್ಟು ಒಳ್ಳೆಯದೆಂದು ತಂದುಕೊಂಡದ್ದು ಬೆಟ್ಟ ತಲುಪುವಷ್ಟರಲ್ಲಿ ಸರಿಸಮವಾಗಿಬಿಟ್ಟಿದೆ. ಅರುಣಾಚಲದ ಕಡೆಗೆ ಹೋದಷ್ಟೂ ಹಿಮಾವರಿಯ ಕೋನ ಸುಧಾರಿಸುತ್ತದೆ, ಕಾರಕೋರಂ ಕಡೆಗೆ ಹೋದಷ್ಟೂ ಕೆಡುತ್ತದೆ. ಹೀಗಾಗಿ ಯಾವ ಉಪಗ್ರಹ ಸೂಕ್ಷ್ಮ ಎಂಬ ಪ್ರಶ್ನೆಗೆ ಯಾವ ಕಣಿವೆಗೆ ಎಂದು ಮರುಪ್ರಶ್ನೆ ಹಾಕದೆ ಉತ್ತರವಿಲ್ಲ. ಪಶ್ಚಿಮದಿಂದ 45.5 ಡಿಗ್ರಿಯಲ್ಲಿರುವ ಯುರೋಪಿನ ಮೀಟಿಯೊಸ್ಯಾಟ್-9 ಹಳೆಯ ತಲೆಮಾರಿನದು, ಅವಕೆಂಪಿನಲ್ಲಿ 3 ಕಿ.ಮೀ.; ಆದರೂ ಲೇಹ್ ಮೇಲೆ ಅದರ ಚುಕ್ಕೆ ಹದಿನಾರು ಹದಿನೇಳು ಚದರ ಕಿ.ಮೀ., ಹಿಮಾವರಿಗಿಂತ ಕಿರಿದು. ಇನ್ನು 105 ಡಿಗ್ರಿಯ ಸುತ್ತ ಇರುವ ಚೀನಾದ ಫೆಂಗ್ಯುನ್-4 ಸಾಲಿಗೆ ಹಗಲಿನ ಚಿತ್ರದಲ್ಲಿ ಅರ್ಧ ಕಿ.ಮೀ. ಸೂಕ್ಷ್ಮತೆಯೂ ಇದೆ, ನೋಡುವ ಕೋನವೂ ಅಷ್ಟೇನೂ ಕೆಟ್ಟದ್ದಲ್ಲ. ಲಡಾಖಿನ ಮೋಡವನ್ನು ಹಗಲು ಹೊತ್ತು ನಮ್ಮ ಇನ್ಸಾಟ್‌ಗಿಂತ ಸೂಕ್ಷ್ಮವಾಗಿ, ಎಡೆಬಿಡದೆ ನೋಡಬಲ್ಲ ಕಣ್ಣು ಗಡಿಯಾಚೆಯವರದು ಎಂಬುದು ಯಾರಿಗೂ ಹಿತವಾದ ಸಂಗತಿಯಲ್ಲ. ಹವೆಗೆ ಮಾತ್ರ ಅದರ ಗೊಡವೆಯಿಲ್ಲ.

ಓರೆ ನೋಟದ ಇನ್ನೊಂದು ತೊಂದರೆ ಇದಕ್ಕಿಂತ ನವಿರು, ಹಾಗಾಗಿ ಇದಕ್ಕಿಂತ ಅಪಾಯಕಾರಿ. ಮೋಡ ನೆಲದ ಮೇಲಿಲ್ಲ, ಹತ್ತು ಹನ್ನೆರಡು ಕಿ.ಮೀ. ಮೇಲಿದೆ. ಇಳಿಬಿಸಿಲಿನಲ್ಲಿ ಕಂಬದ ನೆರಳು ದೂರ ಚಾಚುವ ಹಾಗೆ, ವಾಲಿದ ನೋಟದಲ್ಲಿ ಮೋಡದ ತುದಿ ತನ್ನ ಬುಡದಿಂದ ದೂರದ ನೆಲದ ಮೇಲೆ ಚಿತ್ರಿತವಾಗುತ್ತದೆ. ಸಮುದ್ರಮಟ್ಟದಿಂದ 12 ಕಿ.ಮೀ. ಎತ್ತರದ ಮೋಡದ ತಲೆ ಇನ್ಸಾಟ್ ಚಿತ್ರದಲ್ಲಿ ಲೇಹ್ ಬಳಿ ಸುಮಾರು 10 ಕಿ.ಮೀ. ಉತ್ತರಕ್ಕೆ ಸರಿದು ಕಾಣುತ್ತದೆ. ಹಿಮಾವರಿಯಲ್ಲಾದರೆ ಈ ಜಾರಿಕೆ ಸುಮಾರು 50 ಕಿ.ಮೀ., ಅದೂ ಪಶ್ಚಿಮದ ಕಡೆಗೆ. ಬಯಲುಸೀಮೆಯಲ್ಲಿ 10 ಕಿ.ಮೀ. ಆಚೀಚೆಯಾದರೆ ಮಳೆ ಪಕ್ಕದ ಹೋಬಳಿಗೆ ಹೋಯಿತು ಎಂದು ಸುಮ್ಮನಾಗಬಹುದು. ಬೆಟ್ಟದಲ್ಲಿ 10 ಕಿ.ಮೀ. ಎಂದರೆ ನಡುವೆ ಒಂದು ಏಣು, ಕೆಲವೊಮ್ಮೆ ಎರಡು. ಮಳೆ ಏಣಿನ ಈಚೆ ಬಿದ್ದರೆ ಒಂದು ನದಿ ಏರುತ್ತದೆ, ಆಚೆ ಬಿದ್ದರೆ ಬೇರೆಯೇ ನದಿ. ಚಿತ್ರವನ್ನು ಎಷ್ಟೇ ಹಿಗ್ಗಿಸಿ ನೋಡಿದರೂ ಈ ತಪ್ಪು ಹೋಗುವುದಿಲ್ಲ. ಸೂಕ್ಷ್ಮ ಚಿತ್ರದಲ್ಲಿ ತಪ್ಪು ಜಾಗವೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ. ಮೋಡದ ಎತ್ತರವನ್ನು ಅದರ ತಾಪದಿಂದ ಅಂದಾಜಿಸಿ, ಇದ್ದ ಜಾಗಕ್ಕೆ ಮರಳಿ ತಂದು ಕೂರಿಸುವ ಲೆಕ್ಕ ವಿಜ್ಞಾನಿಗಳಿಗೆ ಹೊಸದೇನಲ್ಲ. ಸಾರ್ವಜನಿಕರ ಮೊಬೈಲಿಗೆ ಬರುವ ಚಿತ್ರಗಳಲ್ಲಿ ಅದನ್ನು ಸಾಮಾನ್ಯವಾಗಿ ಮಾಡಿರುವುದಿಲ್ಲ.

ಎರಡನೆಯ ಜಾತಿ ಧ್ರುವದಿಂದ ಧ್ರುವಕ್ಕೆ ಸುತ್ತುವವು. ಎತ್ತರ ಎಂಟುನೂರು ಕಿ.ಮೀ. ಆಸುಪಾಸು, ಹೀಗಾಗಿ ನೋಟ ಹತ್ತಿರದ್ದು. ಅಮೆರಿಕದ ಸುವೋಮಿ ಎನ್‌ಪಿಪಿ, ನೋವಾ-20, ನೋವಾ-21 ಎಂಬ ಮೂರು ಉಪಗ್ರಹಗಳಲ್ಲಿರುವ ವಿಐಐಆರ್‌ಎಸ್ ಎಂಬ ಉಪಕರಣ 375 ಮೀಟರ್ ಸೂಕ್ಷ್ಮತೆಯಲ್ಲಿ, ಅವಕೆಂಪಿನಲ್ಲಿ ಕೂಡ, ಮೂರು ಸಾವಿರ ಕಿ.ಮೀ. ಅಗಲದ ಪಟ್ಟಿಯನ್ನು ಒಮ್ಮೆಗೇ ನೋಡುತ್ತದೆ. ಹಳೆಯ ಮೋಡಿಸ್ ಉಪಕರಣಕ್ಕೆ ಬೆಳಕಿನಲ್ಲಿ 250 ಮೀಟರ್. ಆದರೆ ಅದರ ಪಟ್ಟಿಯ ಅಂಚಿಗೆ ಹೋದಂತೆ ಚುಕ್ಕೆ ಹಲವು ಪಟ್ಟು ಊದಿಕೊಳ್ಳುತ್ತಿತ್ತು, ವಿಐಐಆರ್‌ಎಸ್‌ನಲ್ಲಿ ಆ ದೋಷವನ್ನು ಬಹಳ ಮಟ್ಟಿಗೆ ಹತೋಟಿಗೆ ತಂದಿದ್ದಾರೆ. ದುರ್ಗಮ ಬೆಟ್ಟವೊಂದರ ಹವಾಮಾನ ಚಿತ್ರ ಬೇಕೆಂದು ಹುಡುಕುವವರಿಗೆ ನಿಜವಾದ ನಿಧಿ ಇದೇ. ನಾಸಾದ ವರ್ಲ್ಡ್‌ವ್ಯೂ ಜಾಲತಾಣದಲ್ಲಿ ಯಾರು ಬೇಕಾದರೂ ಕಾಸಿಲ್ಲದೆ ನೋಡಬಹುದು; ಯಾವ ಕಣಿವೆಯಲ್ಲಿ ಮಂಜು ತುಂಬಿದೆ, ಯಾವ ಶಿಖರದ ಬೆನ್ನಿಗೆ ಗಾಳಿ ಹಿಮದ ಬಾಲ ಎಳೆದಿದೆ ಎಂಬುದೂ ಕಾಣುತ್ತದೆ. ತೊಡಕಿರುವುದು ಗಡಿಯಾರದಲ್ಲಿ. ಈ ಮೂರೂ ಉಪಗ್ರಹಗಳು ಒಂದೇ ಕಕ್ಷೆಯಲ್ಲಿ ಒಂದರ ಹಿಂದೊಂದು ಸಾಗುತ್ತವೆ. ಸ್ಥಳೀಯ ಸೂರ್ಯಮಾನದಲ್ಲಿ ಮಧ್ಯಾಹ್ನ ಒಂದೂವರೆಯ ಸುತ್ತ, ರಾತ್ರಿ ಒಂದೂವರೆಯ ಸುತ್ತ ಬಂದು ಹೋಗುತ್ತವೆ. ಮುಂಗಾರಿನಲ್ಲಿ ಹಿಮಾಲಯದ ಎತ್ತರದ ಇಳಿಜಾರುಗಳಲ್ಲಿ ಮೋಡ ಬಲಿಯುವುದು ಮಧ್ಯಾಹ್ನ ತಿರುಗಿದ ಮೇಲೆ, ತಪ್ಪಲಿನಲ್ಲಿ ಮಳೆ ಜೋರಾಗುವುದು ನಡುರಾತ್ರಿಯಿಂದ ನಸುಕಿನವರೆಗೆ. ಫೋಟೋಗ್ರಾಫರ್ ಮುಹೂರ್ತಕ್ಕೆ ಮುಂಚೆ ಬಂದು ಚಪ್ಪರದ ಚಿತ್ರ ತೆಗೆದುಕೊಂಡು ಹೋದ ಹಾಗೆ! ಬೆಳಿಗ್ಗೆ ಹತ್ತರ ಹೊತ್ತಿಗೆ ಹಾಯುವ ಯುರೋಪಿನ ಸೆಂಟಿನೆಲ್-3 ಕೊಡುವ 300 ಮೀಟರ್ ಚಿತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಹಾಗಾದರೆ ಮೀಟರುಗಳಲ್ಲೇ ಅಳೆಯುವ ಉಪಗ್ರಹಗಳು? ಸೆಂಟಿನೆಲ್-2ಕ್ಕೆ 10 ಮೀಟರ್, ಖಾಸಗಿ ಕಂಪನಿ ಪ್ಲಾನೆಟ್‌ನ ಪುಟ್ಟ ಉಪಗ್ರಹಗಳಿಗೆ ಸುಮಾರು 3 ಮೀಟರ್. ಇವುಗಳ ಬೆಲೆ ಏನೆಂದು 2021ರ ಫೆಬ್ರುವರಿ 7 ತೋರಿಸಿತು. ಚಮೋಲಿಯ ರಿಷಿಗಂಗಾ ಕಣಿವೆಯಲ್ಲಿ ಪ್ರವಾಹ ಬಂದು 200ಕ್ಕೂ ಹೆಚ್ಚು ಜನ ಸತ್ತಾಗ ಅಥವಾ ಕಾಣೆಯಾದಾಗ, ಹಿಮಸರೋವರ ಒಡೆದಿರಬೇಕು ಎಂಬುದು ಮೊದಲ ಊಹೆ. ಚಳಿಗಾಲದ ತಿಳಿ ಆಕಾಶವಿದ್ದುದರಿಂದ ಪ್ಲಾನೆಟ್ ಚಿತ್ರಗಳಲ್ಲಿ ರೋಂಟಿ ಶಿಖರದ ಮೇಲೆ ಹೊಸ ಗಾಯ ಬೇಗನೆ ಕಣ್ಣಿಗೆ ಬಿತ್ತು, ಸುಮಾರು 2.7 ಕೋಟಿ ಘನ ಮೀಟರ್ ಬಂಡೆ ಮತ್ತು ಹಿಮ ಅಲ್ಲಿಂದ ಕಳಚಿ ಬಿದ್ದಿತ್ತು. 2023ರ ಅಕ್ಟೋಬರ್ 3–4ರ ರಾತ್ರಿ ಸಿಕ್ಕಿಂನ ದಕ್ಷಿಣ ಲ್ಹೋನಕ್ ಸರೋವರ ಒಡೆದು ಚುಂಗ್‌ಥಾಂಗ್‌ನ ತೀಸ್ತಾ-3 ಅಣೆಕಟ್ಟನ್ನು ಕೊಚ್ಚಿಕೊಂಡು ಹೋದಾಗ ಮೋಡ ಕವಿದಿತ್ತು. ಮೋಡ ತೂರಿ ನೋಡುವ ರೇಡಾರ್ ಉಪಗ್ರಹಗಳು ಅಲ್ಲಿ ಕೈಹಿಡಿದವು. ಸೆಪ್ಟೆಂಬರ್ 28ರಂದು 167 ಹೆಕ್ಟೇರ್ ಇದ್ದ ಸರೋವರ ಅಕ್ಟೋಬರ್ 4ರಂದು 60 ಹೆಕ್ಟೇರ್‌ಗೆ ಇಳಿದಿದೆ ಎಂದು ಇಸ್ರೊ ಅಳೆದು ಹೇಳಿತು. ಎರಡೂ ಅದ್ಭುತ ಕೆಲಸವೇ. ಆದರೆ ಎರಡೂ ಮರಣೋತ್ತರ ಪರೀಕ್ಷೆ. ಈ ಉಪಗ್ರಹಗಳು ನೆಲವನ್ನು ನೋಡಲು ಹುಟ್ಟಿದವು. ಅವುಗಳ ಮಟ್ಟಿಗೆ ಮೋಡ ಅಡಚಣೆ, ಸುದ್ದಿಯಲ್ಲ. ಕೆಲವು ದಿನಕ್ಕೊಮ್ಮೆ ಬರುವ ಚಿತ್ರದಲ್ಲಿ ಸರೋವರ ಬೆಳೆಯುತ್ತಿರುವುದನ್ನು ವರ್ಷಗಟ್ಟಲೆ ಹಿಂಬಾಲಿಸಬಹುದು, ಹಾಗೆ ಹಿಂಬಾಲಿಸಲೇಬೇಕು. ಇವತ್ತಿನ ಸಂಜೆಯ ಗುಡುಗನ್ನು ಹಿಡಿಯಲಾಗದು.

ಎರಡೂ ಜಾತಿಯ ಒಳ್ಳೆಯ ಗುಣಗಳನ್ನು ಕೂಡಿಸಿ, ಭೂಸ್ಥಿರ ಕಕ್ಷೆಯಿಂದಲೇ ನೂರು ಮೀಟರಿನ ಚಿತ್ರ ಯಾಕೆ ತೆಗೆಯಬಾರದು? ಇದಕ್ಕೆ ಸರ್ಕಾರದ ಜಿಪುಣತನ ಅಡ್ಡ ಬಂದಿಲ್ಲ, ಬೆಳಕಿನ ಸ್ವಭಾವವೇ ಅಡ್ಡ ಬಂದಿದೆ. ಕನ್ನಡಿ ಎಷ್ಟು ಅಗಲವಿದೆಯೋ ಅದಕ್ಕೆ ತಕ್ಕಷ್ಟೇ ಸೂಕ್ಷ್ಮ ನೋಟ. ಅದರಲ್ಲೂ ಬೆಳಕಿನ ಅಲೆ ಉದ್ದವಾದಷ್ಟೂ ಅಗಲವಾದ ಕನ್ನಡಿ ಬೇಕು. ಮೋಡದ ತಾಪ ಅಳೆಯುವ ಅವಕೆಂಪಿನ ಅಲೆ ಕಣ್ಣಿಗೆ ಕಾಣುವ ಬೆಳಕಿಗಿಂತ ಹದಿನೈದು ಪಟ್ಟಿಗೂ ಹೆಚ್ಚು ಉದ್ದ. 36 ಸಾವಿರ ಕಿ.ಮೀ. ದೂರದಿಂದ ಆ ಬೆಳಕಿನಲ್ಲಿ 1 ಕಿ.ಮೀ. ಬಿಡಿಸಿ ನೋಡಲು ಅರ್ಧ ಮೀಟರ್ ಕನ್ನಡಿ ಸಾಕು. 100 ಮೀಟರ್ ಬಿಡಿಸಬೇಕಾದರೆ ನಾಲ್ಕೂಮುಕ್ಕಾಲು ಮೀಟರಿನದು ಬೇಕು. ಹಬಲ್ ದೂರದರ್ಶಕದ ಕನ್ನಡಿ 2.4 ಮೀಟರ್. ಇಸ್ರೊ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿತ್ತು. ಜಿಐಸ್ಯಾಟ್-1, ಹಾರುವಾಗಿನ ಹೆಸರು ಇಒಎಸ್-03, 70 ಸೆಂಟಿಮೀಟರ್ ಕನ್ನಡಿ ಹೊತ್ತು ಭೂಸ್ಥಿರ ಕಕ್ಷೆಯಿಂದ ಉಪಖಂಡವನ್ನು ನೋಡಬೇಕಿತ್ತು. 2021ರ ಆಗಸ್ಟ್ 12ರಂದು ರಾಕೆಟ್ಟಿನ ಕ್ರಯೋಜೆನಿಕ್ ಹಂತ ಕೈಕೊಟ್ಟು ಅದು ಕಕ್ಷೆ ಸೇರಲಿಲ್ಲ. ಆ ನಷ್ಟ ದೊಡ್ಡದು. ಆದರೆ ಅದರ ವಿನ್ಯಾಸದಲ್ಲೇ ಒಂದು ಪಾಠವಿತ್ತು: ಬೆಳಕಿನ ವಾಹಿನಿಯಲ್ಲಿ 42 ಮೀಟರ್, ಅವಕೆಂಪಿನ ದೀರ್ಘ ಅಲೆಗೆ ಬಂದಾಗ ಒಂದೂವರೆ ಕಿ.ಮೀ. ಹಗಲಿನ ನೋಟ ಎಷ್ಟು ಹರಿತವಾದರೂ ಇರುಳಿನ ನೋಟ ಅಷ್ಟೇ ಮಸುಕು. ಲೇಹ್‌ಗೆ ಕೆಡುಕು ಬಂದದ್ದು ಇರುಳಿನಲ್ಲಿ.

ಇದರ ಜೊತೆಗೆ ಬೆಟ್ಟಕ್ಕೇ ವಿಶೇಷವಾದ ಒಂದು ಗೋಜಲಿದೆ: ಬಿಳಿಯ ಮೇಲೆ ಬಿಳಿ. ಮೋಡವೂ ಬಿಳಿ, ಹಿಮವೂ ಬಿಳಿ. ಅವಕೆಂಪಿಗೆ ಹೋದರೆ ಚಳಿಗಾಲದ ಹಿಮದ ನೆಲ ಮೋಡದಷ್ಟೇ ತಣ್ಣಗಿರುತ್ತದೆ. ಇಲ್ಲಿ ಪಿಕ್ಸೆಲ್ ಚಿಕ್ಕದಾದರೆ ಗೊಂದಲವೂ ಚಿಕ್ಕ ಚಿಕ್ಕ ತುಂಡುಗಳಾಗುತ್ತದೆ, ಅಷ್ಟೆ. ಗೋಜಲು ಬಿಡಿಸಲು ಬೇಕಾದದ್ದು ಇನ್ನೊಂದು ಬಣ್ಣ. 1.6 ಮೈಕ್ರಾನ್ ಸುತ್ತಲಿನ ಕಿರು ಅವಕೆಂಪಿನಲ್ಲಿ ಹಿಮ ಬೆಳಕನ್ನು ನುಂಗಿ ಕಪ್ಪಾಗುತ್ತದೆ, ನೀರಹನಿಗಳ ಮೋಡ ಬೆಳ್ಳಗೇ ಉಳಿಯುತ್ತದೆ. ಈ ವಾಹಿನಿ ಇನ್ಸಾಟ್‌ನಲ್ಲೂ ಇದೆ, 1 ಕಿ.ಮೀ. ಸೂಕ್ಷ್ಮತೆಯಲ್ಲಿ, ವಿಐಐಆರ್‌ಎಸ್‌ನಲ್ಲಿ 375 ಮೀಟರ್. ಎತ್ತರದ ಮಂಜುಗಡ್ಡೆಯ ಮೋಡ ಅಲ್ಲೂ ಕಪ್ಪಾಗಿಯೇ ಕಂಡು ಮೋಸ ಮಾಡುವುದುಂಟು ನಿಜ. ಆದರೂ ಎರಡು ಮೂರು ವಾಹಿನಿಗಳನ್ನು ಬೆರೆಸಿದ ಒಂದು ಮಧ್ಯಮ ಚಿತ್ರ, ಒಂದೇ ವಾಹಿನಿಯ ಅತಿಸೂಕ್ಷ್ಮ ಚಿತ್ರಕ್ಕಿಂತ ಬೆಟ್ಟದಲ್ಲಿ ಹೆಚ್ಚು ಹೇಳುತ್ತದೆ. ಹುಡುಕುವವರು ಮೀಟರ್ ಲೆಕ್ಕ ಕೇಳುವ ಮೊದಲು ಇದು ಯಾವ ವಾಹಿನಿ ಎಂದು ಕೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬರು ತಡೆದು ಕೇಳಬಹುದು: ಸೂಕ್ಷ್ಮತೆ ಸಾಲದೆ ಜನ ಸಾಯುತ್ತಿರುವಾಗ ಇದೆಲ್ಲ ಕೂದಲು ಸೀಳುವ ಮಾತಲ್ಲವೆ? ಉತ್ತರಕ್ಕೆ 2014ರ ಅಕ್ಟೋಬರ್ ನೆನಪಿಸಿಕೊಳ್ಳಬೇಕು. ಹುಡ್‌ಹುಡ್ ಚಂಡಮಾರುತ 12ರಂದು ವಿಶಾಖಪಟ್ಟಣದ ಬಳಿ ದಡ ಹತ್ತಿತು. ಅದರ ಉಳಿಕೆ ಉತ್ತರಕ್ಕೆ ಸಾಗಿ 14ರಂದು ನೇಪಾಳದ ಅನ್ನಪೂರ್ಣ ಸುತ್ತುಹಾದಿಯ ಮೇಲೆ ಹಿಮವಾಗಿ ಸುರಿಯಿತು. 5,416 ಮೀಟರ್ ಎತ್ತರದ ಥೋರೊಂಗ್ ಲಾ ಕಣಿವೆಬಾಗಿಲಿನ ಸುತ್ತಮುತ್ತ 40ಕ್ಕೂ ಹೆಚ್ಚು ಜನ ಸತ್ತರು. ಈ ಮೋಡವನ್ನು ನೋಡಲು ಸೂಕ್ಷ್ಮ ಕಣ್ಣು ಬೇಕಿರಲಿಲ್ಲ. ನೂರಾರು ಕಿ.ಮೀ. ಅಗಲದ ಆ ಸುಳಿ ಎರಡು ದಿನ ಎಲ್ಲ ಉಪಗ್ರಹಗಳ ಚಿತ್ರದಲ್ಲೂ ಇತ್ತು. ಅತ್ಯಂತ ಒರಟು ಪಿಕ್ಸೆಲ್‌ನಲ್ಲೂ ಕಾಣುತ್ತಿತ್ತು. ಕಾಣದೆ ಇದ್ದದ್ದು ಬೆಟ್ಟ ಹತ್ತುತ್ತಿದ್ದವರಿಗೆ ಮಾತ್ರ. 1953ರ ಎವರೆಸ್ಟ್ ಯಾತ್ರೆಯ ಕಾಲದಲ್ಲಿ ಹವಾಮಾನ ಉಪಗ್ರಹವೇ ಇರಲಿಲ್ಲ, ಮೊದಲನೆಯದು ಹಾರಿದ್ದು 1960ರ ಏಪ್ರಿಲ್ 1ರಂದು. ಆದರೂ ಆ ಶಿಬಿರಕ್ಕೆ ನಮ್ಮ ಆಕಾಶವಾಣಿ ಹವಾಮಾನ ವರದಿಯನ್ನು ಪ್ರಸಾರ ಮಾಡುತ್ತಿತ್ತು. ಮಾಹಿತಿ ಒರಟಾಗಿತ್ತು, ಆದರೆ ತಲುಪುತ್ತಿತ್ತು. 61 ವರ್ಷದ ನಂತರ ಥೋರೊಂಗ್ ಲಾದಲ್ಲಿ ಇದು ತಲೆಕೆಳಗಾಗಿತ್ತು.

ಎರಡನೆಯ ಆಕ್ಷೇಪ ಹೊಸ ಕಾಲದ್ದು. ಒರಟು ಚಿತ್ರವನ್ನು ಕಂಪ್ಯೂಟರ್ ಮಾದರಿಗಳಿಂದ, ಈಗ ಕೃತಕ ಬುದ್ಧಿಮತ್ತೆಯಿಂದ, ಸೂಕ್ಷ್ಮವಾಗಿಸಬಹುದಲ್ಲ? ಮಾದರಿಗಳು ಸುಧಾರಿಸುತ್ತಿರುವುದು ದಿಟ. 2025ರ ಮೇ ತಿಂಗಳಲ್ಲಿ ಚಾಲ್ತಿಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 6 ಕಿ.ಮೀ. ಚೌಕಗಳಲ್ಲಿ ಲೆಕ್ಕ ಹಾಕುತ್ತದೆ. ಮೊದಲಿನದು 12 ಕಿ.ಮೀ. ಆದರೆ ಒರಟು ಚಿತ್ರಕ್ಕೆ ಯಂತ್ರ ತುಂಬುವ ವಿವರ ಎಲ್ಲಿಂದ ಬರುತ್ತದೆ ಎಂದು ಕೇಳಿ. ಹಿಂದೆ ಕಲಿತ ಮಾದರಿಗಳಿಂದ. ಕಲಿಸಲು ಬೇಕಾದದ್ದು ನೆಲದ ಅಳತೆ. ಹಿಮಾಲಯದಲ್ಲಿ ಮಳೆಮಾಪಕಗಳು ಇರುವುದು ಬಹುತೇಕ ಕಣಿವೆಯ ತಳದ ಊರುಗಳಲ್ಲಿ. ಮಳೆ ಮತ್ತು ಹಿಮ ಹೆಚ್ಚು ಬೀಳುವ ಮೇಲಿನ ಇಳಿಜಾರುಗಳಲ್ಲಿ ಅವು ಅಪರೂಪ. ಅಂಥ ಪಾಠ ಕಲಿತ ಯಂತ್ರ ಏಣಿನ ಮೇಲೆ ಬಿಡಿಸುವ ವಿವರ ನೋಡಲು ಚೆಂದವಿರುತ್ತದೆ, ಅಡ್ಡಪಲ್ಲಕ್ಕಿ ಹೊರಲು ಹೆಗಲಿಲ್ಲದ ಉತ್ಸವಮೂರ್ತಿಯ ಹಾಗೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತೇವೆ. ಯಂತ್ರ ಅದಕ್ಕೆ ಕಲ್ಲುಮುಳ್ಳನ್ನೂ ಊಹಿಸಿ ಬಿಡಿಸಿಕೊಡುತ್ತದೆ. ಆ ಕಲ್ಲು ಅಲ್ಲಿದೆಯೋ ಇಲ್ಲವೋ ಎಂದು ಹೋಗಿ ನೋಡುವವರಿಲ್ಲ. 2025ರ ಆಗಸ್ಟ್ 5ರಂದು ಉತ್ತರಕಾಶಿಯ ಧರಾಲಿ ಕೊಚ್ಚಿಹೋದಾಗ ಮೇಘಸ್ಫೋಟ ಎಂದೇ ಸುದ್ದಿ ಹಬ್ಬಿತು. ಸುತ್ತಲಿನ ಮಾಪಕಗಳಲ್ಲಿ ಸಿಕ್ಕದ್ದು ಅಲ್ಪಸ್ವಲ್ಪ ಮಳೆ. ಮೇಲೆ ನಿಜಕ್ಕೂ ಏನಾಯಿತು ಎಂಬ ಚರ್ಚೆಗೆ ಕಾರಣ ಆಕಾಶದಲ್ಲಿ ಕಣ್ಣಿಲ್ಲದ್ದಲ್ಲ, ಇಳಿಜಾರಿನಲ್ಲಿ ಮಾಪಕವಿಲ್ಲದ್ದು. ಲೇಹ್‌ನ 12.8ರ ಕಥೆ ಹದಿನೈದು ವರ್ಷದ ಮೇಲೆ ಇನ್ನೊಂದು ಕಣಿವೆಯಲ್ಲಿ ಮರುಕಳಿಸಿತು.

ನೆಲದ ಮೇಲೆ ಮಾಪಕ ನೆಡುವುದು ಸುಲಭವಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಐದು ಸಾವಿರ ಮೀಟರಿನಲ್ಲಿ ಬ್ಯಾಟರಿ ಸಾಯುತ್ತದೆ, ಹಿಮ ಮಾಪಕವನ್ನು ಮುಚ್ಚುತ್ತದೆ, ಗಾಳಿ ಹಿಮವನ್ನು ಅದರ ಬಾಯಿಗೆ ಬೀಳದಂತೆ ಹಾರಿಸುತ್ತದೆ, ರಿಪೇರಿಗೆ ಹೋಗಲು ಜೂನ್ ಬರಬೇಕು. ಉಪಗ್ರಹಕ್ಕೆ ಈ ತಾಪತ್ರಯವಿಲ್ಲ. ನಡುವಿನ ದಾರಿ ಡಾಪ್ಲರ್ ರೇಡಾರ್: ಮೋಡದ ತಲೆಯನ್ನಲ್ಲ, ಒಳಗಿನ ಹನಿಗಳನ್ನೇ ನೋಡುತ್ತದೆ, ಹಗಲಿರುಳೆನ್ನದೆ, ಕೆಲವೇ ನಿಮಿಷಗಳಿಗೊಮ್ಮೆ. 2013ರ ಜೂನ್ 16–17ರಂದು ಕೇದಾರನಾಥ ಮುಳುಗಿದಾಗ ಉತ್ತರಾಖಂಡದಲ್ಲಿ ಇಂಥದ್ದು ಒಂದೂ ಇರಲಿಲ್ಲ. ಇನ್ಸಾಟ್-3ಡಿ ಹಾರಿದ್ದು ಕೂಡ ಅದೇ ವರ್ಷ ಜುಲೈ 26ರಂದು, ನಲವತ್ತು ದಿನ ತಡವಾಗಿ. ಈಗ ಮುಕ್ತೇಶ್ವರ, ಸುರಕಂಡಾ ದೇವಿ, ಲ್ಯಾನ್ಸ್‌ಡೌನ್‌ನಲ್ಲಿ, ಹಿಮಾಚಲದ ಕುಫ್ರಿ, ಜೋತ್, ಮುರಾರಿ ದೇವಿಯಲ್ಲಿ ರೇಡಾರ್‌ಗಳಿವೆ. ಆದರೆ ರೇಡಾರ್ ಕಿರಣ ನೇರ ಹೋಗುವಂಥದ್ದು. ಎದುರಿಗೆ ಬೆಟ್ಟ ಬಂದರೆ ಅಲ್ಲಿಗೇ ನಿಲ್ಲುತ್ತದೆ. ಅದರ ಹಿಂದಿನ ಕಣಿವೆ ಕತ್ತಲೆ. ಆ ಕತ್ತಲೆಯ ಕಣಿವೆಗಳಲ್ಲಿ ಉಪಗ್ರಹವೇ ಗತಿ. ರೇಡಾರ್ ಕಾಣುವ ಕಡೆ ಉಪಗ್ರಹದ ತಪ್ಪನ್ನು ಅಳೆದು, ಕಾಣದ ಕಡೆ ಆ ತಿದ್ದುಪಡಿಯನ್ನು ಬಳಸುವುದಾದರೆ ಒಂದು ಇನ್ನೊಂದಕ್ಕೆ ಊರುಗೋಲಾಗುತ್ತದೆ. ಹೊಸ ಉಪಗ್ರಹವೊಂದರ ವೆಚ್ಚದ ಮುಂದೆ ಇದು ಅಗ್ಗದ ಕೆಲಸ. ಆದರೆ ಉಡಾವಣೆಯ ಹೊಗೆ, ಬೆಂಕಿ, ಚಪ್ಪಾಳೆ ಇದಕ್ಕಿಲ್ಲ.

ಹೀಗಿರುವಾಗ ಬೆಟ್ಟಕ್ಕೆ ಒಳ್ಳೆಯ ಚಿತ್ರ ಎಂದರೆ ಯಾವುದು? ನಮಗೆ ದಿನವೂ ಸಿಗುವ ಉಪಗ್ರಹ ಚಿತ್ರ ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಇಡೀ ದೇಶವನ್ನು ಒಂದು ಪರದೆಯಲ್ಲಿ ತುರುಕಿದ್ದು. ಮುಂಗಾರು ಕೇರಳ ಮುಟ್ಟಿತೇ, ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆಯೇ ಎಂದು ನೋಡುವವರಿಗೆ ಅದು ಸಾಕು, ನಮ್ಮಂಥ ಬಯಲಿನವರಿಗೆ ಬೇಕಾದದ್ದೂ ಅದೇ. ಆದರೆ ಹಾಗೆ ಕುಗ್ಗಿಸುವಾಗ ಉಪಗ್ರಹ ಕಷ್ಟಪಟ್ಟು ತೆಗೆದ ಸೂಕ್ಷ್ಮತೆಯ ಬಹುಪಾಲು ಸೋರಿಹೋಗುತ್ತದೆ. ಮೂಲ ದತ್ತಾಂಶ ಬಚ್ಚಿಟ್ಟದ್ದೇನಲ್ಲ. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ಮಾಸ್‌ಡ್ಯಾಕ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಇನ್ಸಾಟ್‌ನದು ಸಿಗುತ್ತದೆ. ಆದರೆ ಆ ಕಡತ ತೆರೆಯಲು ಪ್ರೋಗ್ರಾಮಿಂಗ್ ಬಲ್ಲವರು ಬೇಕು. ಉತ್ತರಕಾಶಿಯ ಮಾರ್ಗದರ್ಶಿ, ಝನ್ಸ್‌ಕಾರದ ಲಾರಿ ಚಾಲಕ, ಬೆಂಗಳೂರಿನಿಂದ ಹೊರಟ ಚಾರಣಿಗ ಅದನ್ನು ತೆರೆದು ಕೂರಲಾರರು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ ಒಂಬತ್ತು ಚಾರಣಿಗರು ಸತ್ತರು. ಯಾವುದೋ ಒಂದು ಚಿತ್ರ ಅವರನ್ನು ಉಳಿಸುತ್ತಿತ್ತು ಎಂದು ಹೇಳುವುದು ಅಗ್ಗದ ಜಾಣತನವಾದೀತು. ಆದರೆ ಅಂಥ ಹಾದಿಗೆ ಹೊರಡುವವರು ಬೆಳಿಗ್ಗೆ ಡೇರೆ ಕೀಳುವ ಮುನ್ನ ನೋಡಬಹುದಾದ, ಆ ಕಣಿವೆಯದೇ ಆದ ಒಂದು ಚಿತ್ರ ಅವರಿಗಾಗಿ ತಯಾರಾಗುತ್ತಿಲ್ಲ ಎಂಬುದು ಇವತ್ತಿಗೂ ನಿಜ.

ಅಂಥ ಚಿತ್ರಕ್ಕೆ ಏನೇನು ಬೇಕೋ ಅದೆಲ್ಲ ಈಗಾಗಲೇ ಇದೆ. ಹಿಂದಿನ ಹಾಯುವಿಕೆಯ ವಿಐಐಆರ್‌ಎಸ್ ಚಿತ್ರ ಹಿನ್ನೆಲೆಗೆ. ಅದರ ಮೇಲೆ ಇನ್ಸಾಟ್‌ನ ಇತ್ತೀಚಿನ ಕಾಲು ಗಂಟೆಯ ಮೋಡ, ಜಾರಿಕೆ ತಿದ್ದಿ ತನ್ನ ಏಣಿನ ಮೇಲೆ ಕೂರಿಸಿದ್ದು. ಹಿಮ ಒಂದು ಬಣ್ಣ, ಮೋಡ ಇನ್ನೊಂದು. ನದಿ, ಹಾದಿ, ಹಳ್ಳಿಗಳ ಗೆರೆ. ಮೂಲೆಯಲ್ಲಿ ಚಿತ್ರ ತೆಗೆದ ಹೊತ್ತು ದಪ್ಪ ಅಕ್ಷರದಲ್ಲಿ, ಹಳತಾಗಿದ್ದರೆ ಕೆಂಪಿನಲ್ಲಿ. ಕಣಿವೆಗಳಲ್ಲಿ ಇಂಟರ್ನೆಟ್ ಇಲ್ಲ, ಇಷ್ಟು ಸೂಕ್ಷ್ಮ ಚಿತ್ರ ಅಲ್ಲಿ ಇಳಿಯುವುದಿಲ್ಲ ಎಂದು ಯಾರಾದರೂ ಹೇಳಬಹುದು. ಲೆಕ್ಕ ಹಾಕಿ ನೋಡಿ. ನಲವತ್ತು ಕಿಲೋಮೀಟರ್ ಉದ್ದಗಲದ ಒಂದು ಕಣಿವೆಯನ್ನು 375 ಮೀಟರ್ ಚುಕ್ಕೆಗಳಲ್ಲಿ ಬಿಡಿಸಿದರೆ ಒಂದು ಬದಿಗೆ 107 ಚುಕ್ಕೆ, ಒಟ್ಟು ಹನ್ನೊಂದು ಸಾವಿರದ ಚಿಲ್ಲರೆ. ಚುಕ್ಕೆಗೊಂದು ಬೈಟ್ ಎಂದರೂ ಹನ್ನೊಂದು ಕಿಲೋಬೈಟ್. ಒಂದೇ ಗೀಟಿನ ಸಿಗ್ನಲ್ ಇರುವ ಹಳೆಯ 2ಜಿ ಫೋನಿಗೂ ಅದು ಇಳಿಯುತ್ತದೆ. ಬೆಳಗಾದರೆ ವಾಟ್ಸ್ಆ್ಯಪ್‌ನಲ್ಲಿ ಬಂದು ಬೀಳುವ ಗುಲಾಬಿ ಹೂವಿನ ಶುಭೋದಯದ ಚಿತ್ರ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.